ಸಹಿ ಬಿದ್ದ ಮಾತ್ರಕ್ಕೆ ಸುಂಕ ಇಳಿಯದು

ಎರಡು ದೇಶಗಳ ಸಚಿವರು ಕೈಕುಲುಕುವ ಛಾಯಾಚಿತ್ರ ಪತ್ರಿಕೆಯಲ್ಲಿ ಪ್ರಕಟವಾದೊಡನೆ, ಆಮದು ಸುಂಕ ಇಳಿಯಿತೆಂದು ಭಾವಿಸಿ ಗ್ರಾಹಕರಿಗೆ ಹೊಸ ದರಪಟ್ಟಿ ಕಳುಹಿಸುವ ವರ್ತಕರು ನಮ್ಮಲ್ಲಿ ವಿರಳವಲ್ಲ. ರಾಜತಾಂತ್ರಿಕ ಪದಗಳ ನಡುವಣ ವ್ಯತ್ಯಾಸ ಕೇವಲ ಭಾಷೆಗೆ ಸಂಬಂಧಿಸಿದ್ದಲ್ಲ. ಅದು ನೇರವಾಗಿ ಸರಕಿನ ಅಸಲನ್ನೇ ಬದಲಿಸಬಲ್ಲದು.

'ಎಂ.ಒ.ಯು.' ಎಂದು ಕರೆಯಲಾಗುವ ತಿಳಿವಳಿಕೆ ಪತ್ರವು ಸಾಮಾನ್ಯವಾಗಿ ಪರಸ್ಪರ ಸಹಕಾರದ ಇಚ್ಛೆಯನ್ನು ದಾಖಲಿಸುವ ಪತ್ರವಷ್ಟೆ. ಅದರಿಂದ ಸುಂಕದ ದರ ಬದಲಾಗುವುದಿಲ್ಲ.

ಒಪ್ಪಂದದ ವಿಷಯ ಹಾಗಲ್ಲ. ಸಹಿ, ಸ್ಥಿರೀಕರಣ, ಜಾರಿ ಇವು ಮೂರು ಬೇರೆ ಬೇರೆ ಹಂತಗಳು. ಸಹಿ ಹಾಕಿದ ಒಪ್ಪಂದವನ್ನು ಆಯಾ ದೇಶವು ತನ್ನ ಸಂವಿಧಾನದ ಕ್ರಮದಂತೆ ಒಪ್ಪಿಕೊಳ್ಳುವುದೇ ಸ್ಥಿರೀಕರಣ. ಹಲವು ದೇಶಗಳಲ್ಲಿ ಇದಕ್ಕೆ ಸಂಸತ್ತಿನ ಸಮ್ಮತಿ ಬೇಕು. ಭಾರತದಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಸಾಕು. ಕಾಯ್ದೆ ಬೇಕಾದಲ್ಲಿ ಸಂವಿಧಾನದ 253ನೇ ಅನುಚ್ಛೇದದಡಿ ಸಂಸತ್ತು ಅದನ್ನು ರಚಿಸುತ್ತದೆ. ಸಂಯುಕ್ತ ಅರಬ್ ಸಂಸ್ಥಾನದೊಡನೆ 2022ರ ಫೆಬ್ರುವರಿ 18ರಂದು ಸಹಿಯಾದ ಒಪ್ಪಂದ ಮೇ 1ರಂದೇ ಜಾರಿಗೆ ಬಂದಿತು. ಆದರೆ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ದೇಶಗಳೊಡನೆ 2024ರ ಮಾರ್ಚ್ 10ರಂದು ಸಹಿಯಾದದ್ದು ಜಾರಿಯಾದುದು 2025ರ ಅಕ್ಟೋಬರ್ 1ರಂದು. ಈ ಒಂದೂವರೆ ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ಬಂದ ಸರಕಿಗೆ ಒಪ್ಪಂದದ ರಿಯಾಯಿತಿ ದೊರೆಯಲಿಲ್ಲ. ಬಂದರಿನ ಅಧಿಕಾರಿ ನೋಡುವುದು 1962ರ ಸುಂಕ ಕಾಯ್ದೆಯಡಿ ಹೊರಟ ಅಧಿಸೂಚನೆಯನ್ನೇ ಹೊರತು ಒಪ್ಪಂದದ ಪಠ್ಯವನ್ನಲ್ಲ. ಅಧಿಸೂಚನೆ ಇದ್ದರೂ ಸರಕು ಆ ದೇಶದ ಮೂಲದ್ದೆಂದು ಸಿದ್ಧಪಡಿಸುವ ಹೊಣೆ ಆಮದುದಾರನದು. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಮೂಲ ಪ್ರಮಾಣಪತ್ರವೊಂದೇ ಸಾಲದು, ಪೂರಕ ಮಾಹಿತಿಯೂ ಕೈಯಲ್ಲಿರಬೇಕು.

'ಪರಮಾಪ್ತ ರಾಷ್ಟ್ರ' ಎಂಬ ಪದವಂತೂ ಹೆಸರಿನಿಂದಲೇ ದಾರಿ ತಪ್ಪಿಸುತ್ತದೆ. ಇದು ವಿಶೇಷ ಪ್ರೀತಿಯಲ್ಲ, ಸಮಾನತೆ: ಒಬ್ಬರಿಗೆ ಕೊಟ್ಟ ದರವನ್ನು ಉಳಿದ ಸದಸ್ಯರಿಗೂ ಕೊಡಬೇಕೆಂಬ ಗ್ಯಾಟ್ ನಿಯಮ. ಮುಕ್ತ ವ್ಯಾಪಾರ ಒಪ್ಪಂದಗಳು ಇದಕ್ಕೆ ಅಪವಾದ. ಭಾರತವು 1996ರಲ್ಲಿ ಪಾಕಿಸ್ತಾನಕ್ಕೆ ನೀಡಿದ್ದ ಈ ಸ್ಥಾನವನ್ನು ಪುಲ್ವಾಮಾ ದಾಳಿಯ ಬಳಿಕ 2019ರ ಫೆಬ್ರುವರಿ 15ರಂದು ಹಿಂತೆಗೆದುಕೊಂಡಿತು. ಮರುದಿನವೇ ಸುಂಕ ಶೇ. 200 ಆಯಿತು. ಉತ್ತತ್ತಿ, ಸಿಮೆಂಟ್ ತರಿಸುತ್ತಿದ್ದವರಿಗೆ ಸಿದ್ಧತೆಗೆ ಒಂದು ವಾರವೂ ಸಿಗಲಿಲ್ಲ.

ಇದೇ ಪದ ಆದಾಯ ತೆರಿಗೆಯಲ್ಲೂ ಉಂಟು. ದ್ವಿತೆರಿಗೆ ನಿವಾರಣಾ ಒಪ್ಪಂದದ ಈ ಷರತ್ತನ್ನು ಆಧರಿಸಿ, ಬೇರೆ ದೇಶಗಳಿಗೆ ಒಪ್ಪಿದ ಶೇ. 5ರ ಲಾಭಾಂಶ ತೆರಿಗೆ ತಮಗೂ ಸಲ್ಲಬೇಕೆಂದು ನೆಸ್ಲೆ ಮುಂತಾದ ವಿದೇಶಿ ಕಂಪನಿಗಳು ವಾದಿಸಿದ್ದವು. ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 19ರಂದು, 1961ರ ಕಾಯ್ದೆಯ 90ನೇ ಕಲಮಿನಡಿ ಅಧಿಸೂಚನೆ ಹೊರಡದ ಹೊರತು ಆ ಲಾಭ ದೊರೆಯದೆಂದು ತೀರ್ಪಿತ್ತಿತು. ನನ್ನ ಅಭಿಪ್ರಾಯದಲ್ಲಿ ತೀರ್ಪು ಸರಿಯಾದದ್ದೇ, ಆದರೆ ಅದರ ಬಿಸಿ ನಮ್ಮವರಿಗೂ ತಟ್ಟಿತು. ಸ್ವಿಟ್ಜರ್ಲೆಂಡ್ ತಾನು ಏಕಪಕ್ಷೀಯವಾಗಿ ಪಾಲಿಸುತ್ತಿದ್ದ ಷರತ್ತನ್ನು 2025ರ ಜನವರಿ 1ರಿಂದ ಅಮಾನತಿನಲ್ಲಿಟ್ಟಿತು. ಅಂದಿನಿಂದ ಸ್ವಿಸ್ ಲಾಭಾಂಶ ಪಡೆಯುವ ಭಾರತೀಯರಿಗೆ ಒಪ್ಪಂದದ ದರ ಶೇ. 5ರ ಬದಲು ಶೇ. 10.