ಐಫೋನ್‌ಗೆ ವೈರಸ್ ಬಂದಿದೆ ಎಂದು ಹೇಳುತ್ತಿರುವವರು ಯಾರು?

‘ನಿಮ್ಮ ಐಫೋನ್‌ನಲ್ಲಿ ವೈರಸ್ ಸಿಕ್ಕಿದೆ. ಎರಡು ನಿಮಿಷದೊಳಗೆ ಕ್ಲೀನ್ ಮಾಡದಿದ್ದರೆ ಫೋಟೋ, ಕಾಂಟ್ಯಾಕ್ಟ್ ಎಲ್ಲ ಅಳಿಸಿಹೋಗುತ್ತವೆ.’ ಕ್ರಿಕೆಟ್ ಸ್ಕೋರನ್ನೋ ಸಿನಿಮಾ ಹಾಡನ್ನೋ ಹುಡುಕುತ್ತಿದ್ದಾಗ ಇಂಥದ್ದೊಂದು ಪುಟ ದಿಢೀರನೆ ತೆರೆದುಕೊಳ್ಳುತ್ತದೆ. ಮೇಲೆ ಆಪಲ್ ಕಂಪನಿಯ ಗುರುತು, ಕೆಂಪು ಅಕ್ಷರ, ಕೆಳಗೆ ಇಳಿಯುತ್ತಿರುವ ಸೆಕೆಂಡುಗಳು. ಗಾಬರಿಯಾದವರು ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ. ಅಲ್ಲಿಂದ ಅದು ‘ಎಲ್ಲ ಐಫೋನ್ ಬಳಕೆದಾರರ ಗಮನಕ್ಕೆ’ ಎಂಬ ತಲೆಬರಹ ಹೊತ್ತು, ಯಾವುದೋ ಕ್ಲೀನರ್ ಆಪ್‌ನ ಲಿಂಕನ್ನೂ ಸೇರಿಸಿಕೊಂಡು ಗ್ರೂಪಿನಿಂದ ಗ್ರೂಪಿಗೆ ಹೋಗುತ್ತದೆ.

ಆ ಎಚ್ಚರಿಕೆ ಸುಳ್ಳು. ಅದು ಬರೀ ಜಾಹೀರಾತು.

ಹೇಗೆ ಹೇಳುತ್ತೀರಿ, ನನ್ನದು ಐಫೋನ್ ಅಂತ, ನಾನು ಮೈಸೂರಿನಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಯಾವ ಪುಟ ತೆರೆದರೂ ಸಫಾರಿಯಂಥ ಬ್ರೌಸರ್ ತಾನು ಯಾವ ಬಗೆಯ ಸಾಧನದಲ್ಲಿದ್ದೇನೆ ಎಂದು ಆ ಪುಟಕ್ಕೆ ತಾನೇ ಹೇಳಿಕೊಳ್ಳುತ್ತದೆ. ಪುಟವನ್ನು ಪರದೆಗೆ ಹೊಂದಿಸಿ ಕಳಿಸಲು ಅದು ಬೇಕು. ನಿಮ್ಮ ಇಂಟರ್ನೆಟ್ ವಿಳಾಸದಿಂದ ಕಂಪನಿ ಯಾವುದು, ಊರು ಸುಮಾರಾಗಿ ಯಾವುದು ಎಂದು ಊಹಿಸಬಹುದು. ಇಷ್ಟಕ್ಕೆ ಫೋನಿನೊಳಗೆ ಇಣುಕಬೇಕಾಗಿಲ್ಲ. ಫೋನಿನಲ್ಲಿ ಯಾವ ಫೈಲ್ ಇದೆ, ಯಾವ ಆಪ್ ಹಾಳಾಗಿದೆ ಎಂದು ಹುಡುಕಿ ನೋಡುವ ಅಧಿಕಾರ ವೆಬ್ ಪುಟಕ್ಕೆ ಇಲ್ಲ.

ವೆಬ್ ಪುಟ ಹಾಗಿರಲಿ, ನೀವೇ ಆಪ್ ಸ್ಟೋರ್‌ನಿಂದ ಇಳಿಸಿಕೊಂಡ ಆಪ್‌ಗೂ ಆ ಅಧಿಕಾರ ಇಲ್ಲ. ಐಫೋನಿನ ರಚನೆಯನ್ನು ಒಂದು ವಠಾರಕ್ಕೆ ಹೋಲಿಸಬಹುದು. ಪ್ರತಿ ಆಪ್‌ಗೂ ಒಂದೊಂದು ಮನೆ, ಒಂದೊಂದು ಬೀಗ. ಪಕ್ಕದ ಮನೆಯ ಅಡುಗೆಮನೆಯಲ್ಲಿ ಏನಿದೆ ಎಂದು ನೋಡುವ ಹಾಗಿಲ್ಲ. ಫೋಟೋ, ಕಾಂಟ್ಯಾಕ್ಟ್, ಮೈಕ್ ಇಂಥವು ಬೇಕಾದರೆ ನಿಮ್ಮನ್ನೇ ಕೇಳಬೇಕು. ತಂತ್ರಜ್ಞರು ಇದನ್ನು ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ಕೆಟ್ಟ ಆಪ್ ಒಂದು ಬಂದರೂ ಬೇರೆ ಆಪ್‌ಗಳಿಗೆ ಹರಡಬಾರದು ಎಂಬುದೇ ಇದರ ಉದ್ದೇಶ. ಆದರೆ ಇದೇ ಬೀಗ ಆಂಟಿವೈರಸ್ ಆಪ್‌ಗೂ ಅಡ್ಡ ಬರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಮಾಡುವಂತೆ ಮೂಲೆಮೂಲೆಯನ್ನೂ ಸ್ಕ್ಯಾನ್ ಮಾಡುವುದು ಐಫೋನಿನಲ್ಲಿ ಅದರಿಂದ ಆಗದು. 2015ರಲ್ಲಿ ಆಪಲ್, ಇಂಟೆಗೋ ಎಂಬ ಕಂಪನಿಯ ವೈರಸ್‌ಬ್ಯಾರಿಯರ್ ಆಪನ್ನು ಆಪ್ ಸ್ಟೋರ್‌ನಿಂದ ತೆಗೆದುಹಾಕಿತು. ಅದು ಮೇಲ್ ಮೂಲಕ ಬಂದ ಫೈಲುಗಳನ್ನು ನೀವಾಗಿ ಕೊಟ್ಟರೆ ಪರೀಕ್ಷಿಸುತ್ತಿತ್ತು, ಇಡೀ ಫೋನನ್ನಲ್ಲ.

ಹಾಗಾದರೆ ಈ ಕ್ಲೀನರ್ ಆಪ್‌ಗಳು ಮಾಡುವುದೇನು? ಹೆಚ್ಚಿನವು ನಿಮ್ಮ ಫೋಟೋ ಲೈಬ್ರರಿಗೆ ಪೂರ್ತಿ ಅನುಮತಿ ಕೇಳಿ, ಎರಡೆರಡು ಸಲ ಇರುವ ಚಿತ್ರಗಳನ್ನು ತೋರಿಸುತ್ತವೆ. 2022ರ ಐಓಎಸ್ 16ರಿಂದ ಈ ಕೆಲಸವನ್ನು ಫೋಟೋಸ್ ಆಪ್‌ನ ‘ಡೂಪ್ಲಿಕೇಟ್ಸ್’ ಆಲ್ಬಮ್ ದುಡ್ಡಿಲ್ಲದೆ ಮಾಡುತ್ತದೆ. ಜಾಗ ಸಾಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅಲ್ಲಿ ಐಫೋನ್ ಸ್ಟೋರೇಜ್ ನೋಡಿ. ಯಾವ ಆಪ್ ಎಷ್ಟು ಜಾಗ ತಿಂದಿದೆ ಎಂಬ ಲೆಕ್ಕ ಅಲ್ಲೇ ಇದೆ. ಬಳಸದ ಆಪ್‌ಗಳನ್ನು ಡೇಟಾ ಉಳಿಸಿಕೊಂಡು ತೆಗೆದಿಡುವ ‘ಆಫ್‌ಲೋಡ್’ ಕೂಡ ಅಲ್ಲೇ ಸಿಗುತ್ತದೆ. ಇದಕ್ಕೆಲ್ಲ ಹೊರಗಿನವರಿಗೆ ವಾರಕ್ಕಿಷ್ಟು ಎಂದು ಕೊಡುವುದು ನಮಗಂತೂ ಶುದ್ಧ ದಂಡ ಎನಿಸುತ್ತದೆ.

ವಾರಕ್ಕಿಷ್ಟು ಎಂಬ ಮಾತಿನಲ್ಲೇ ಇವರ ನಿಜವಾದ ವ್ಯಾಪಾರ ಇರುವುದು. ಇಂಥ ಆಪ್‌ಗಳಲ್ಲಿ ಎಷ್ಟೋ ‘ಮೂರು ದಿನ ಉಚಿತ’ ಎಂದು ದೊಡ್ಡದಾಗಿ, ಆಮೇಲೆ ಪ್ರತಿ ವಾರ ಹಣ ಕಡಿತ ಎಂದು ಸಣ್ಣದಾಗಿ ಬರೆದಿರುತ್ತವೆ. ಗಾಬರಿಯಲ್ಲಿ ಫೇಸ್ ಐಡಿ ತೋರಿಸಿಬಿಟ್ಟರೆ ಮುಗಿಯಿತು. ಎಷ್ಟೋ ಜನ ಆಪನ್ನು ಅಳಿಸಿ, ಕಾಟ ತೊಲಗಿತು ಅಂದುಕೊಳ್ಳುತ್ತಾರೆ. ತೊಲಗುವುದಿಲ್ಲ. ಆಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಯುಪಿಐ ಆಟೋಪೇ ಇಟ್ಟಿದ್ದರೆ ಹಣ ಸದ್ದಿಲ್ಲದೆ ಹೋಗುತ್ತಲೇ ಇರುತ್ತದೆ. ಸೆಟ್ಟಿಂಗ್ಸ್ ತೆರೆದು, ಎಲ್ಲಕ್ಕಿಂತ ಮೇಲಿರುವ ನಿಮ್ಮ ಹೆಸರನ್ನು ಒತ್ತಿ, ‘ಸಬ್‌ಸ್ಕ್ರಿಪ್ಷನ್ಸ್’ಗೆ ಹೋಗಿ ಅಲ್ಲಿ ರದ್ದು ಮಾಡಬೇಕು. ಈಗಾಗಲೇ ಹೋದ ಹಣಕ್ಕೆ ಆಪಲ್‌ನ ‘ರಿಪೋರ್ಟ್ ಎ ಪ್ರಾಬ್ಲಂ’ ಪುಟದಲ್ಲಿ ಮರುಪಾವತಿ ಕೇಳಬಹುದು. ಸಿಕ್ಕೇ ಸಿಗುತ್ತದೆ ಎಂದಿಲ್ಲ, ಆದರೆ ಕೇಳಲು ಖರ್ಚಿಲ್ಲ.

ಇನ್ನೊಂದು ಬಗೆಯ ಕಾಟ ಕ್ಯಾಲೆಂಡರಿನದು. ಪುಟದಲ್ಲಿ ಏನನ್ನೋ ಒತ್ತಿದಾಗ ‘ಸಬ್‌ಸ್ಕ್ರೈಬ್’ ಎಂದು ಕೇಳುತ್ತದೆ, ನಾವು ಓದದೆ ಸರಿ ಎನ್ನುತ್ತೇವೆ. ಮರುದಿನದಿಂದ ‘ನಿಮ್ಮ ಫೋನ್ ಅಪಾಯದಲ್ಲಿದೆ’ ಎಂದು ಕ್ಯಾಲೆಂಡರೇ ಕೂಗುತ್ತದೆ. ಇದೂ ವೈರಸ್ ಅಲ್ಲ, ಯಾರೋ ನಡೆಸುವ ಕ್ಯಾಲೆಂಡರಿಗೆ ನೀವು ಸೇರಿಕೊಂಡಿದ್ದೀರಿ ಅಷ್ಟೆ. ಕ್ಯಾಲೆಂಡರ್ ಆಪ್‌ನಲ್ಲಿ ಆ ಸೂಚನೆಯನ್ನು ತೆರೆದರೆ ಕೆಳಗೆ ಅನ್‌ಸಬ್‌ಸ್ಕ್ರೈಬ್ ಇರುತ್ತದೆ.

ಇಷ್ಟು ಓದಿ ‘ಐಫೋನಿಗೆ ಏನೂ ಆಗುವುದೇ ಇಲ್ಲ’ ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ, ಅದೂ ಸುಳ್ಳೇ. 2015ರಲ್ಲಿ ಚೀನಾದ ಕೆಲವು ಡೆವಲಪರ್‌ಗಳು ಆಪ್ ತಯಾರಿಸುವ ಎಕ್ಸ್‌ಕೋಡ್ ಸಾಫ್ಟ್‌ವೇರಿನ ಕಲಬೆರಕೆ ಪ್ರತಿಯನ್ನು ಹೊರಗಿನ ಸೈಟುಗಳಿಂದ ಇಳಿಸಿಕೊಂಡು ಬಳಸಿದರು. ಅದರಿಂದಾಗಿ ವೀಚಾಟ್‌ನಂಥ ದೊಡ್ಡ ಆಪ್‌ನ ಒಂದು ಆವೃತ್ತಿಗೂ ಕಳ್ಳ ಕೋಡ್ ಸೇರಿ, ಅದು ಆಪ್ ಸ್ಟೋರ್‌ನೊಳಕ್ಕೇ ಬಂದಿತ್ತು. ಮರುವರ್ಷ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶ ಐಫೋನಿನ ಲೋಪಗಳನ್ನು ಬಳಸುತ್ತಿರುವುದು ಬಯಲಾಗಿ, ಆಪಲ್ ತುರ್ತಾಗಿ ಐಓಎಸ್ 9.3.5 ಬಿಡುಗಡೆ ಮಾಡಿತು. 2023ರ ಅಕ್ಟೋಬರಿನಲ್ಲಿ ನಮ್ಮ ದೇಶದ ಹಲವು ವಿರೋಧ ಪಕ್ಷದ ನಾಯಕರಿಗೂ ಪತ್ರಕರ್ತರಿಗೂ ಆಪಲ್‌ನಿಂದ ಎಚ್ಚರಿಕೆ ಬಂದದ್ದು ನಿಮಗೆ ನೆನಪಿರಬಹುದು.

ಆಪಲ್ ಕಳಿಸುವ ಅಸಲಿ ಎಚ್ಚರಿಕೆಗೂ ಪಾಪ್‌ಅಪ್‌ಗೂ ಇರುವ ವ್ಯತ್ಯಾಸ ತಿಳಿದಿರಲಿ. ಅಸಲಿಯದು ಇಮೇಲ್ ಮತ್ತು ಐಮೆಸೇಜ್ ಮೂಲಕ ಬರುತ್ತದೆ, ಆಪಲ್ ಖಾತೆಯ ಪುಟಕ್ಕೆ ನೀವಾಗಿ ಲಾಗಿನ್ ಆದರೆ ಅಲ್ಲೂ ಕಾಣುತ್ತದೆ. ಲಿಂಕ್ ಒತ್ತಿ, ಆಪ್ ಹಾಕಿಕೊಳ್ಳಿ, ಪಾಸ್‌ವರ್ಡ್ ಹೇಳಿ ಎಂದು ಅದು ಕೇಳುವುದಿಲ್ಲ.

ಹಾಗಾಗಿ ಪಾಪ್‌ಅಪ್ ಬಂದರೆ ಅದರೊಳಗಿನ ‘ಓಕೆ’ಯನ್ನಾಗಲಿ ‘ಕ್ಯಾನ್ಸಲ್’ ಅನ್ನಾಗಲಿ ಒತ್ತಬೇಡಿ, ಎರಡೂ ಒಂದೇ ಕಡೆಗೆ ಒಯ್ಯಬಹುದು. ಆ ಟ್ಯಾಬ್ ಮುಚ್ಚಿ. ಮುಚ್ಚಲು ಬಿಡದಿದ್ದರೆ ಏರೋಪ್ಲೇನ್ ಮೋಡ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಸಫಾರಿಯ ಹಿಸ್ಟರಿ ಮತ್ತು ವೆಬ್‌ಸೈಟ್ ಡೇಟಾ ಅಳಿಸಿ. ಅಂಥ ಪುಟದ ಮಾತು ಕೇಳಿ ಏನನ್ನಾದರೂ ಇನ್‌ಸ್ಟಾಲ್ ಮಾಡಿದ್ದರೆ ಜನರಲ್‌ನಲ್ಲಿರುವ ‘ವಿಪಿಎನ್ ಅಂಡ್ ಡಿವೈಸ್ ಮ್ಯಾನೇಜ್‌ಮೆಂಟ್’ ನೋಡಿ. ಅಲ್ಲಿ ನಿಮಗೆ ಗೊತ್ತಿಲ್ಲದ ಪ್ರೊಫೈಲ್ ಇದ್ದರೆ ತೆಗೆಯಿರಿ. ಆಫೀಸಿನವರು ಹಾಕಿದ್ದಾದರೆ ಅವರನ್ನು ಕೇಳಿಯೇ ಮುಟ್ಟಿ.

ಅಂದಹಾಗೆ, ಇದೇ ಫಾರ್ವರ್ಡ್‌ಗಳ ಕೊನೆಯಲ್ಲಿ ‘ದಿನಕ್ಕೆರಡು ಸಲ ಎಲ್ಲ ಆಪ್‌ಗಳನ್ನೂ ಮೇಲಕ್ಕೆ ಸರಿಸಿ ಮುಚ್ಚಿ, ಬ್ಯಾಟರಿ ಉಳಿಯುತ್ತದೆ’ ಎಂಬ ಸಲಹೆಯೂ ಇರುತ್ತದೆ. 2016ರಲ್ಲಿ ಬಳಕೆದಾರರೊಬ್ಬರು ಇದನ್ನೇ ಇಮೇಲಿನಲ್ಲಿ ಕೇಳಿದಾಗ, ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ ಅದರ ಅಗತ್ಯವಿಲ್ಲ ಎಂದು ಉತ್ತರಿಸಿದ್ದರು. ಹಿನ್ನೆಲೆಯ ಬಹುತೇಕ ಆಪ್‌ಗಳನ್ನು ಐಓಎಸ್ ತಾನೇ ನಿದ್ದೆಗೆ ಕಳಿಸಿರುತ್ತದೆ. ಅವನ್ನು ಪೂರ್ತಿ ಮುಚ್ಚಿ ಮತ್ತೆ ಮೊದಲಿನಿಂದ ತೆರೆಯುವುದಕ್ಕೇ ಬ್ಯಾಟರಿ ಹೆಚ್ಚು ಖರ್ಚಾಗಬಹುದು. ಆಪ್ ಕೈಕೊಟ್ಟು ಸ್ತಬ್ಧವಾದಾಗ ಮಾತ್ರ ಹಾಗೆ ಮುಚ್ಚಿ.