ಒಡೆದ ಏಲಕ್ಕಿಯ ತೈಲ: ಒಲೆಯನ್ನು ಬೇಗ ಆರಿಸಬೇಡಿ

ಸೋಮವಾರಪೇಟೆ, ಭಾಗಮಂಡಲದ ಕಡೆಯ ಏಲಕ್ಕಿ ಬೆಳೆಗಾರರೇ, ಕಾಯಿ ಒಣಗಿಸಿ ವಿಂಗಡಿಸುವಾಗ ಒಡೆದದ್ದು, ಬಣ್ಣಗೆಟ್ಟದ್ದು ಒಂದಷ್ಟು ಉಳಿಯುತ್ತದೆ. ವ್ಯಾಪಾರಿ ಅದಕ್ಕೆ ಹೇಳುವ ಬೆಲೆ ತಮಗೆ ಗೊತ್ತೇ ಇದೆ. ಆದರೆ ಬಣ್ಣವಿರುವುದು ಸಿಪ್ಪೆಯಲ್ಲಿ, ಪರಿಮಳದ ತೈಲವಿರುವುದು ಬೀಜದಲ್ಲಿ. ಚೆನ್ನಾಗಿ ಬಲಿತ, ಬೂಷ್ಟು ಹಿಡಿಯದ ನೂರು ಕಿಲೋ ಬೀಜದಿಂದ 6ರಿಂದ 8 ಕಿಲೋ ತೈಲ ಇಳಿಸಬಹುದು. ಒಡೆದ ಕಾಯಿಯನ್ನು ತಿಂಗಳುಗಟ್ಟಲೆ ಇಟ್ಟರೆ ಮಾತ್ರ ತೈಲ ಆರಿಹೋಗುತ್ತದೆ.

ಈ ತೈಲದಲ್ಲಿ ಮುಖ್ಯ ವಸ್ತುಗಳು ಎರಡು. ಒಂದು ಸಿನಿಯೋಲ್, ನೆಗಡಿಯಾದಾಗ ಮೂಸುವ ನೀಲಗಿರಿ ಎಣ್ಣೆಯ ಘಾಟು ಇದರದೇ. ಇನ್ನೊಂದು ಟರ್ಪಿನೈಲ್ ಅಸಿಟೇಟ್. ಪಾಯಸದಲ್ಲಿ ಬರುವ ಏಲಕ್ಕಿಯ ಸಿಹಿ ಪರಿಮಳ ಬಹುಪಾಲು ಇದರದು. ಸಿನಿಯೋಲ್ ನೀಲಗಿರಿ ಸೊಪ್ಪಿನಿಂದ ಅಗ್ಗವಾಗಿ ಸಿಗುತ್ತದೆ. ಹಾಗಾಗಿ ಏಲಕ್ಕಿ ತೈಲಕ್ಕೆ ಬೆಲೆ ತರುವುದು ಎರಡನೆಯದು. ಮಲಬಾರ್ ತಳಿಯಲ್ಲಿ ಸಿನಿಯೋಲ್ ಹೆಚ್ಚು, ಮೈಸೂರು ತಳಿಯಲ್ಲಿ ಸಿಹಿ ಅಂಶ ಹೆಚ್ಚು. ಎರಡೂ ಇದ್ದರೆ ಬೇರೆ ಬೇರೆಯಾಗಿಯೇ ಭಟ್ಟಿಗೆ ಹಾಕಿ.

ಇವನ್ನು ಬೇರ್ಪಡಿಸುವುದು ಹೇಗೆ? ಸಿನಿಯೋಲ್ 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಇನ್ನೊಂದಕ್ಕೆ ಅದಕ್ಕಿಂತ ಬಹಳ ಹೆಚ್ಚು ಕಾವು ಬೇಕು, ಅಷ್ಟು ಕಾವಿಗೆ ಪರಿಮಳವೇ ಕೆಡುತ್ತದೆ. ಆದ್ದರಿಂದ ಕಾರ್ಖಾನೆಗಳಲ್ಲಿ ಪಾತ್ರೆಯೊಳಗಿನ ಗಾಳಿಯನ್ನು ಪಂಪಿನಿಂದ ಹೊರತೆಗೆದು, ಕಡಿಮೆ ಕಾವಿನಲ್ಲೇ ಕುದಿಸಿ, ಎತ್ತರದ ಕೊಳವೆಯಲ್ಲಿ ಆವಿಯನ್ನು ಏರಿಸುತ್ತಾರೆ. ಹಗುರ ಭಾಗ ಮೊದಲು ಹೊರಬರುತ್ತದೆ. ಒಂದು ತೋಟದ ತೈಲಕ್ಕೆ ಇಂಥ ಯಂತ್ರ ಕೊಳ್ಳುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ.

ಆದರೆ ತಾವು ಹಬೆ ಹಾಯಿಸಿ ಭಟ್ಟಿ ಇಳಿಸುವಾಗಲೂ ಸ್ವಲ್ಪ ಬೇರ್ಪಡೆ ತಾನಾಗಿಯೇ ಆಗುತ್ತದೆ. ಮೊದಲ ಗಂಟೆಯಲ್ಲಿ ಬರುವುದು ಹೆಚ್ಚಾಗಿ ಸಿನಿಯೋಲ್. ಆಮೇಲೆ ತೈಲದ ಓಟ ತಗ್ಗುತ್ತದೆ. ಸೌದೆ ಉಳಿಸಲೆಂದು ಆಗ ಒಲೆ ಆರಿಸಿದಿರೋ, ಏಲಕ್ಕಿ ಸುರಿದು ನೀಲಗಿರಿ ಎಣ್ಣೆ ಮಾಡಿದಂತೆ! ಸಿಹಿ ಭಾಗ ಬರುವುದೇ ನಂತರ. ನಾಲ್ಕು ಗಂಟೆಯಾದರೂ ಹಬೆ ಬಿಡಬೇಕು.

ಬೀಜವನ್ನು ನುಣ್ಣಗೆ ಪುಡಿಮಾಡದೆ ತರಿಯಾಗಿ ಒಡೆದು, ಅಂದೇ ಭಟ್ಟಿಗೆ ಹಾಕಿ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಕಬ್ಬಿಣ ಬೇಡ. ನೀರಿನ ಮೇಲೆ ತೇಲುವ ತೈಲವನ್ನು ಬೇರೆ ಮಾಡಿ, ನೀರಿನ ಪಸೆ ತೆಗೆದು, ಬಣ್ಣದ ಗಾಜಿನ ಸೀಸೆಯಲ್ಲಿ ಕತ್ತಿನವರೆಗೆ ತುಂಬಿ ತಂಪಾದ ಕತ್ತಲಲ್ಲಿಡಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಮಾರುವ ಮೊದಲು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಪರೀಕ್ಷೆ ಮಾಡಿಸಿದರೆ ಎರಡೂ ಅಂಶಗಳು ಶೇಕಡಾ ಎಷ್ಟಿವೆ ಎಂಬುದು ಕಾಗದದ ಮೇಲೆ ಬರುತ್ತದೆ, ಚೌಕಾಸಿಗೆ ಆಧಾರವಾಗುತ್ತದೆ. ತಳಿಯ ವಿಷಯಕ್ಕೆ ಮಡಿಕೇರಿ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರವನ್ನು ವಿಚಾರಿಸಬಹುದು.

ಮೊದಲ ಸಲ ಗಂಟೆಗೊಂದು ಸೀಸೆಯಂತೆ ತೈಲ ಹಿಡಿದು ಮೂಸಿ ನೋಡಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಮೂಗಿಗೇ ತಿಳಿಯುತ್ತದೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಬೆರೆಸಿಬಿಡಿ.