ಹಾವು ಕಡಿತ ಮತ್ತು ಉಸಿರಾಟದ ರಕ್ಷಣೆ: ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ

ಕಮಲನಾರಾಯಣ ದೇವಾಲಯದಿಂದ ಹೆಸರಾದ ದೇಗಾಂವ ಹಾಗೂ ಕಿತ್ತೂರು ಸುತ್ತಲಿನ ಗ್ರಾಮಗಳಲ್ಲಿ ಭತ್ತ, ಕಬ್ಬು ಬೆಳೆಯುವ ರೈತರಿಗೆ ಹಾವಿನ ಭಯ ಹೊಸದಲ್ಲ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದ್ದು, ಪ್ರತಿಯೊಂದು ಪ್ರಕರಣವನ್ನು ವರದಿ ಮಾಡುವುದು ಆಸ್ಪತ್ರೆಗಳ ಕರ್ತವ್ಯವಾಗಿದೆ. ಆದರೆ ರೋಗಿಯು ಉಸಿರಾಡುತ್ತ ಆಸ್ಪತ್ರೆ ತಲುಪುವುದು ಬಹುಮಟ್ಟಿಗೆ ಗ್ರಾಮಸ್ಥರ ಕೈಯಲ್ಲಿರುತ್ತದೆ.

ನಾಗರಹಾವು ಮತ್ತು ಕಟ್ಟುಹಾವುಗಳ ವಿಷವು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ರೆಪ್ಪೆ ಜೋತು ಬೀಳುತ್ತದೆ, ಬಳಿಕ ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ. ಕೊನೆಗೆ ಎದೆ ಮತ್ತು ವಪೆಯ ಸ್ನಾಯುಗಳು ಸೋಲುತ್ತವೆ. ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ, ಅದನ್ನು ನಡೆಸುವ ಬಲವೊಂದು ಇರುವುದಿಲ್ಲ. ಆದ್ದರಿಂದ ಉಸಿರಾಡದವರ ಮುಖಕ್ಕೆ ಕೇವಲ ಆಮ್ಲಜನಕದ ಮಾಸ್ಕ್ ಕಟ್ಟುವುದು, ಮೋಟಾರ್ ಸುಟ್ಟ ಕೊಳವೆಬಾವಿಗೆ ಹೊಸ ಪೈಪ್ ಜೋಡಿಸಿದಂತೆ.

ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಅದು ಸಾಮಾನ್ಯವಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಬಾವಾಗಲಿ ಹೆಚ್ಚು ಇರುವುದಿಲ್ಲ. ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತಿದ್ದರೆ ಅದನ್ನು ಅಜೀರ್ಣವೆಂದು ಭಾವಿಸಬಾರದು. ಈ ವಿಷವು ನರದ ತುದಿಗಳನ್ನೇ ಹಾಳುಮಾಡುವುದರಿಂದ, ಎ.ಎಸ್.ವಿ. ಚುಚ್ಚುಮದ್ದು ಕೊಟ್ಟರೂ ಆಗಿಹೋದ ಹಾನಿ ಕೂಡಲೇ ಸರಿಹೋಗುವುದಿಲ್ಲ. ನರದ ತುದಿಗಳು ಮತ್ತೆ ಬೆಳೆಯುವವರೆಗೆ, ಕೆಲವು ದಿನ, ಕೆಲವೊಮ್ಮೆ ವಾರಗಳ ಕಾಲ, ಕೃತಕ ಉಸಿರಾಟವೇ ಜೀವ ಹಿಡಿದಿಡುತ್ತದೆ. ಈ ಅವಧಿಯಲ್ಲಿ ರೋಗಿ ಕಣ್ಣು ತೆರೆಯದೆ, ಕೈ ಆಡಿಸದೆ ಸತ್ತಂತೆ ಕಂಡರೂ ಪ್ರಜ್ಞೆ ಇರಬಹುದು, ಸುತ್ತಲಿನ ಮಾತು ಕೇಳಿಸುತ್ತಿರಬಹುದು. ಹತ್ತಿರದವರು ಇದನ್ನು ನೆನಪಿಟ್ಟು ಮಾತನಾಡುವುದು ಒಳ್ಳೆಯದು.

ಕಚ್ಚಿದ ಕೂಡಲೇ 108ಕ್ಕೆ ಕರೆ ಮಾಡಿ, ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು, ವಿಷ ಹೀರುವುದು, ನಾಟಿ ಔಷಧಕ್ಕಾಗಿ ಕಾಯುವುದು ಹಾನಿಕರ. ರೆಪ್ಪೆ ಅಥವಾ ಮಾತು ಬದಲಾಗಿದ್ದರೆ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು. ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು, ಜೊಲ್ಲು ಗಂಟಲಿಗಿಳಿದು ಶ್ವಾಸಮಾರ್ಗ ಮುಚ್ಚುತ್ತದೆ. ನೀರನ್ನೂ ಕುಡಿಸಬಾರದು. ದಾರಿಯಲ್ಲಿ ಆಗಾಗ ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಬಹುದು. ಎಣಿಕೆ ಪ್ರತಿಸಲ ಕಡಿಮೆಯಾಗುತ್ತಿದ್ದರೆ ಉಸಿರಾಟ ಸೋಲುತ್ತಿದೆ ಎಂದರ್ಥ. ಬೆರಳಿನ ಆಕ್ಸಿಮೀಟರ್ ಇದನ್ನು ತಡವಾಗಿ ತೋರಿಸುವುದರಿಂದ ಅದನ್ನೇ ನಂಬಿ ಕೂರಬಾರದು.

ಉಸಿರು ನಿಂತಾಗ ಬೇಕಾಗುವ ಸಾಧನ ಬಹಳ ಸರಳ: ಕೈಯಿಂದ ಒತ್ತುವ ಅಂಬು ಬ್ಯಾಗ್. ಇದಕ್ಕೆ ವಿದ್ಯುತ್ ಬೇಡ, ಸಿಲಿಂಡರ್ ಇಲ್ಲದೆಯೂ ನಡೆಯುತ್ತದೆ. 1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ, ವೈದ್ಯ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ಸುಮಾರು 1500 ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ರಬ್ಬರ್ ಚೀಲ ಒತ್ತಿ ರೋಗಿಗಳನ್ನು ಉಳಿಸಿದರು. ಇಂದಿನ ತೀವ್ರ ನಿಗಾ ಘಟಕಗಳ ಮೂಲ ಅಲ್ಲಿದೆ. ವಯಸ್ಕರಿಗೆ ಐದಾರು ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಮಾತ್ರ ಒತ್ತಬೇಕು. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದಿದ್ದರೆ ಗಾಳಿ ಹೊರಗೆ ಸೋರುತ್ತದೆ. ಜೋರಾಗಿ ಒತ್ತಿದರೆ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ತರಬೇತಿಯಿಲ್ಲದೆ ಇದು ಸಾಧ್ಯವಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಸದಸ್ಯರು ಕೇಳಬೇಕಾದುದು ಇಷ್ಟು: ದೊಡ್ಡವರ ಮತ್ತು ಮಕ್ಕಳ ಅಳತೆಯ ಅಂಬು ಬ್ಯಾಗ್ ಇವೆಯೇ? ಗಂಟಲಿನ ಜೊಲ್ಲು ತೆಗೆಯುವ ಸಕ್ಷನ್ ಯಂತ್ರ ವಿದ್ಯುತ್ ಹೋದಾಗಲೂ ನಡೆಯುತ್ತದೆಯೇ? ಎ.ಎಸ್.ವಿ. ಅವಧಿ ಮೀರಿಲ್ಲವೇ, ಕನಿಷ್ಠ ಮೊದಲ ಡೋಸಿನ 10 ವೈಯಲ್ ಸದಾ ಇರುತ್ತವೆಯೇ? ಮಕ್ಕಳಿಗೂ ಅಷ್ಟೇ ಬೇಕಾಗುತ್ತದೆ, ವಿಷದ ಪ್ರಮಾಣ ಮಗುವೆಂದು ಕಡಿಮೆಯಾಗುವುದಿಲ್ಲ. ಸಿಲಿಂಡರ್ ಲೆಕ್ಕವೂ ಸುಲಭ: ಸುಮಾರು 1500 ಲೀಟರ್ ಹಿಡಿಯುವ ಬಿ ಮಾದರಿಯ ತುಂಬಿದ ಸಿಲಿಂಡರ್, ನಿಮಿಷಕ್ಕೆ 10 ಲೀಟರ್‌ನಂತೆ ಎರಡೂವರೆ ಗಂಟೆ ಬರುತ್ತದೆ, ಮುಳ್ಳು ಅರ್ಧಕ್ಕಿದ್ದರೆ ಒಂದೂಕಾಲು ಗಂಟೆ. ವೆಂಟಿಲೇಟರ್ ಇರುವ ಬೆಳಗಾವಿಯ ಬಿಮ್ಸ್ ಅಥವಾ ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ‌ಗೆ ರೋಗಿಯನ್ನು ಸಾಗಿಸುವಾಗ ಆಂಬುಲೆನ್ಸ್ ಬರುವವರೆಗಿನ ಕಾಯುವಿಕೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ರಾತ್ರಿ ಪಾಳಿಯಲ್ಲಿ ಬ್ಯಾಗ್ ಒತ್ತಬಲ್ಲವರು ಯಾರಿದ್ದಾರೆ ಎಂಬುದನ್ನು ಹೆಸರು ಸಹಿತ ನಡವಳಿಯಲ್ಲಿ ದಾಖಲಿಸುವುದು ಸೂಕ್ತ.